ಎಲೆ ಮೇಲಿನ ಬಿಳಿ ಪುಡಿ ಹುಳುವೋ, ಫಂಗಸ್ಸೋ? ಬಾಲ್ಕನಿ ಗಿಡಗಳಿಗೆ ಔಷಧಿ ಹೊಡೆಯುವ ಮುನ್ನ ಇದನ್ನು ತಿಳಿದಿರಿ

ಮುಂಬೈ ಆಗಲಿ, ಪುಣೆ ಆಗಲಿ, ಚೆನ್ನೈ, ಹೈದರಾಬಾದ್, ದೆಹಲಿಯೇ ಆಗಲಿ, ಕನ್ನಡಿಗರ ಮನೆಯ ಬಾಲ್ಕನಿಯಲ್ಲಿ ಕೆಲವು ಗಿಡಗಳು ಇದ್ದೇ ಇರುತ್ತವೆ. ಪೂಜೆಗೆ ತುಳಸಿ ಮತ್ತು ದಾಸವಾಳ, ಒಗ್ಗರಣೆಗೆ ಕರಿಬೇವು, ತಂಬುಳಿಗೆ ದೊಡ್ಡಪತ್ರೆ. ಜಾಗ ಇದ್ದವರು ಗುಲಾಬಿ, ಟೊಮೆಟೊ, ಮೆಣಸಿನ ಗಿಡವನ್ನೂ ಬೆಳೆಸುತ್ತಾರೆ. ಚೆನ್ನಾಗಿಯೇ ಇದ್ದ ಗಿಡದ ಎಲೆ ಮೇಲೆ ಒಂದು ದಿನ ಬಿಳಿ ಪುಡಿ ಕಾಣಿಸುತ್ತದೆ, ಇಲ್ಲವೇ ಎಲೆ ಮುದುಡಿಕೊಳ್ಳುತ್ತದೆ. ಆಗ ಬಹುತೇಕರು ನರ್ಸರಿಗೆ ಹೋಗಿ, ‘ಗಿಡಕ್ಕೆ ರೋಗ ಬಂದಿದೆ, ಏನಾದರೂ ಔಷಧಿ ಕೊಡಿ’ ಎಂದು ಕೇಳುತ್ತಾರೆ.

ಸಮಸ್ಯೆ ಶುರುವಾಗುವುದೇ ಇಲ್ಲಿಂದ. ಕೀಟಕ್ಕೆ ಹೊಡೆಯುವ ಔಷಧಿ ಫಂಗಸ್‌ಗೆ (ಶಿಲೀಂಧ್ರಕ್ಕೆ) ಕೆಲಸ ಮಾಡುವುದಿಲ್ಲ. ಫಂಗಸ್ ಔಷಧಿಯಿಂದ ಕೀಟ ಸಾಯುವುದಿಲ್ಲ. ತಪ್ಪು ಬಾಟಲಿ ತಂದರೆ ಗಿಡವೂ ಉಳಿಯುವುದಿಲ್ಲ, ಹಣವೂ ದಂಡ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೊಲದಲ್ಲಿ ಔಷಧಿ ಹೊಡೆಯುವ ಜಾಗಕ್ಕೂ ಊಟದ ಮನೆಗೂ ದೂರವಿರುತ್ತದೆ. ಬಾಲ್ಕನಿಯಲ್ಲಿ ಅದು ಅಡುಗೆ ಮನೆಯ ಕಿಟಕಿ ಪಕ್ಕದಲ್ಲೇ ಇರುತ್ತದೆ. ಇವತ್ತು ಸ್ಪ್ರೇ ಮಾಡಿದ ಕರಿಬೇವು ನಾಳೆ ಸಾರಿಗೆ ಬೀಳುತ್ತದೆ. ಹೀಗಾಗಿ ಔಷಧಿಗಿಂತ ಮೊದಲು ರೋಗ ಯಾವುದೆಂದು ಗುರುತಿಸುವುದು ಮುಖ್ಯ. ಅದು ಅಂದುಕೊಂಡಷ್ಟು ಕಷ್ಟವೂ ಅಲ್ಲ.

ಹುಳುವೋ, ಫಂಗಸ್ಸೋ? ನಾಲ್ಕು ಸರಳ ಪರೀಕ್ಷೆ

1. ಬೆರಳಿನಿಂದ ಒರೆಸಿ ನೋಡಿ: ಬಿಳಿ ಪದಾರ್ಥ ಹತ್ತಿಯ ಉಂಡೆಯಂತೆ ಎಲೆಯ ಬುಡದಲ್ಲಿ, ಕಾಂಡದ ಸಂದಿಯಲ್ಲಿ ಗುಂಪಾಗಿದ್ದು, ಒತ್ತಿದರೆ ಅಂಟಾದ ರಸ ಬಂದರೆ ಅದು ಹಿಟ್ಟು ತಿಗಣೆ. ಎಲೆಯ ಮೇಲೆ ಟಾಲ್ಕಂ ಪೌಡರ್ ಚೆಲ್ಲಿದಂತೆ ತೆಳುವಾಗಿ ಹರಡಿದ್ದು, ಒರೆಸಿದರೆ ಬೆರಳಿಗೆ ಒಣ ಪುಡಿ ಹತ್ತಿದರೆ ಅದು ಬೂದಿ ರೋಗ, ಅಂದರೆ ಫಂಗಸ್.

2. ಬಿಳಿ ಹಾಳೆ ಪರೀಕ್ಷೆ: ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆಯನ್ನು ಎರಡು ಮೂರು ಸಲ ತಟ್ಟಿ. ಬಿದ್ದ ಧೂಳಿನ ಕಣಗಳು ನಿಧಾನವಾಗಿ ಓಡಾಡಿದರೆ ಅವು ನುಸಿಗಳು (ಮೈಟ್). ಸಣ್ಣ ಗೆರೆಯಂತಹ ಉದ್ದನೆಯ ಕೀಟಗಳು ಕಂಡರೆ ಅವು ಥ್ರಿಪ್ಸ್.

3. ಎಲೆ ತಿರುಗಿಸಿ ನೋಡಿ: ಬಹುತೇಕ ರಸ ಹೀರುವ ಕೀಟಗಳು ಎಲೆಯ ಅಡಿಯಲ್ಲಿ ಇರುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ಜೂಮ್ ಮಾಡಿದರೆ ಕಣ್ಣಿಗೆ ಕಾಣದ್ದೂ ಕಾಣುತ್ತದೆ.

4. ಇರುವೆಗಳನ್ನು ಹಿಂಬಾಲಿಸಿ: ಗಿಡದ ಮೇಲೆ ಇರುವೆ ಸಾಲು ಇದ್ದರೆ ಅಲ್ಲಿ ರಸ ಹೀರುವ ಕೀಟ ಇರುವ ಸಾಧ್ಯತೆ ಹೆಚ್ಚು. ಹಿಟ್ಟು ತಿಗಣೆ, ಗಿಡ ಹೇನು, ಶಲ್ಕ ಕೀಟಗಳು ಸಿಹಿ ಅಂಟನ್ನು ಹೊರಹಾಕುತ್ತವೆ. ಅದನ್ನು ತಿನ್ನಲು ಬರುವ ಇರುವೆಗಳು ಈ ಕೀಟಗಳನ್ನು ಶತ್ರುಗಳಿಂದ ಕಾಪಾಡುತ್ತವೆ ಕೂಡ.

ಎಲೆ ಮೇಲೆ ಮಸಿ ಬಳಿದಂತೆ ಕಪ್ಪು ಬಣ್ಣ ಕಂಡಾಗಲೂ ಅನೇಕರು ಮೋಸ ಹೋಗುತ್ತಾರೆ. ಅದು ಫಂಗಸ್ ಎನ್ನುವುದು ನಿಜ. ಆದರೆ ಅದು ಬೆಳೆಯುವುದು ಕೀಟಗಳು ಬಿಟ್ಟ ಸಿಹಿ ಅಂಟಿನ ಮೇಲೆ, ಎಲೆಯೊಳಗೆ ಅಲ್ಲ. ಇದಕ್ಕೆ ಫಂಗಸ್ ಔಷಧಿ ಹೊಡೆದು ಪ್ರಯೋಜನವಿಲ್ಲ. ಕೀಟ ಹೋದರೆ ಹೊಸ ಮಸಿ ಬರುವುದಿಲ್ಲ. ಹಳೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮನೆ ಗಿಡಗಳನ್ನು ಕಾಡುವ ಪ್ರಮುಖ ಕೀಟಗಳು

ಹಿಟ್ಟು ತಿಗಣೆ: ದಾಸವಾಳದ ನಂಬರ್ ಒನ್ ಶತ್ರು. ಪರಂಗಿ, ಸೀಬೆ, ತುಳಸಿಯನ್ನೂ ಬಿಡುವುದಿಲ್ಲ. ಒಂದು ಹೆಣ್ಣು ಹತ್ತಿಯಂತಹ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೈಮೇಲೆ ಮೇಣದ ಪುಡಿ ಇರುವುದರಿಂದ ಔಷಧಿ ಸುಲಭವಾಗಿ ತಾಗುವುದಿಲ್ಲ. ಆರಂಭದಲ್ಲೇ ಕಂಡರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಹೆಚ್ಚಾಗಿದ್ದರೆ ಆ ಕೊಂಬೆಯನ್ನೇ ಕತ್ತರಿಸಿ, ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಕತ್ತರಿಸಿದ ಕೊಂಬೆಯನ್ನು ಪಕ್ಕದ ಕುಂಡದ ಮೇಲೆ ಹಾಕಬೇಡಿ.

ಗಿಡ ಹೇನು: ಚಿಗುರು, ಮೊಗ್ಗಿನ ಮೇಲೆ ಹಸಿರು ಅಥವಾ ಕಪ್ಪು ಬಣ್ಣದ ಸಣ್ಣ ಕೀಟಗಳ ಗುಂಪು. ಬೆಚ್ಚಗಿನ ವಾತಾವರಣದಲ್ಲಿ ಹೆಣ್ಣು ಹೇನುಗಳು ಗಂಡಿನ ಜೊತೆ ಸೇರದೆಯೇ ನೇರವಾಗಿ ಮರಿ ಹಾಕುತ್ತವೆ. ಆ ಮರಿಗಳು ಸುಮಾರು ಒಂದು ವಾರದಲ್ಲೇ ಮತ್ತೆ ಮರಿ ಹಾಕಲು ಸಿದ್ಧ. ನಿನ್ನೆ ಇಲ್ಲದ್ದು ಇವತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇದೇ. ಬೆಳಗ್ಗೆ ಪೈಪ್‌ನಿಂದ ರಭಸವಾಗಿ ನೀರು ಹಾಯಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಬಿಳಿ ನೊಣ: ಟೊಮೆಟೊ, ಬೆಂಡೆ, ದಾಸವಾಳ ಅಲುಗಿಸಿದರೆ ಪುರ್ರನೆ ಹಾರುವ ಸಣ್ಣ ಬಿಳಿ ಕೀಟ. ಟೊಮೆಟೊ ಎಲೆ ಮುಟುರು ವೈರಸ್ ಹರಡುವುದು ಇದೇ. ವೈರಸ್ ಬಂದ ಗಿಡಕ್ಕೆ ಯಾವ ಔಷಧಿಯೂ ಇಲ್ಲ, ಕಿತ್ತು ಹಾಕಬೇಕು. ಹಳದಿ ಬಣ್ಣದ ಅಂಟು ಹಾಳೆಯನ್ನು ಗಿಡದ ಎತ್ತರಕ್ಕೆ ತೂಗುಹಾಕಿದರೆ ನೊಣಗಳು ಅಂಟಿಕೊಳ್ಳುತ್ತವೆ.

ಥ್ರಿಪ್ಸ್ ಮತ್ತು ನುಸಿ: ಮೆಣಸಿನ ಗಿಡದ ಎಲೆ ಮುದುಡಿದರೆ ಎರಡರಲ್ಲಿ ಯಾವುದು ಎಂದು ಎಲೆಯೇ ಹೇಳುತ್ತದೆ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್, ಅಂಚು ಕೆಳಕ್ಕೆ ಬಾಗಿ ದೋಣಿ ಮಗುಚಿದಂತಾದರೆ ನುಸಿ. ಥ್ರಿಪ್ಸ್‌ಗೆ ನೀಲಿ ಬಣ್ಣದ ಅಂಟು ಹಾಳೆ ಬಳಸಿ. ನುಸಿ ಒಣ ಸೆಕೆಯಲ್ಲಿ ಹೆಚ್ಚುತ್ತದೆ, ಎಲೆಯ ಅಡಿಗೆ ನೀರು ಚಿಮುಕಿಸಿದರೆ ಕಡಿಮೆಯಾಗುತ್ತದೆ. ನುಸಿ ನಿಜವಾಗಿ ಕೀಟವಲ್ಲ, ಜೇಡನ ಬಂಧು. ಆದ್ದರಿಂದ ಸಾಮಾನ್ಯ ಕೀಟನಾಶಕಗಳು ಇದರ ಮೇಲೆ ಕೆಲಸ ಮಾಡದೇ ಇರಬಹುದು.

ರಂಗೋಲಿ ಹುಳು: ಎಲೆಯೊಳಗೆ ಬಿಳಿ ಅಂಕುಡೊಂಕು ಗೆರೆ ಎಳೆಯುವ ಹುಳು. ಟೊಮೆಟೊ, ನಿಂಬೆ ಗಿಡಗಳಲ್ಲಿ ಸಾಮಾನ್ಯ. ಹುಳು ಎಲೆಯ ಎರಡು ಪದರಗಳ ನಡುವೆ ಇರುವುದರಿಂದ ಮೇಲಿಂದ ಸ್ಪ್ರೇ ಮಾಡಿದರೆ ತಲುಪುವುದು ಕಷ್ಟ. ಗೆರೆ ಕಂಡ ಎಲೆಗಳನ್ನು ಕಿತ್ತು ಹಾಕುವುದೇ ಸುಲಭ ದಾರಿ.

ಫಂಗಸ್ ರೋಗಗಳನ್ನು ಗುರುತಿಸುವುದು ಹೇಗೆ?

ಬೂದಿ ರೋಗ: ಗುಲಾಬಿ, ಬೆಂಡೆ, ಸೌತೆ, ಕುಂಬಳ ಜಾತಿಯ ಗಿಡಗಳಲ್ಲಿ ಹೆಚ್ಚು. ಬಹುತೇಕ ಫಂಗಸ್‌ಗಳಿಗೆ ಎಲೆ ಒದ್ದೆಯಾಗಿರಬೇಕು. ಬೂದಿ ರೋಗಕ್ಕೆ ಅದು ಬೇಡ. ಹಗಲು ಒಣ ಹವೆ, ರಾತ್ರಿ ತಂಪು, ಗಾಳಿಯಾಡದ ನೆರಳು ಇದ್ದರೆ ಸಾಕು.

ಗುಲಾಬಿಯ ಕಪ್ಪು ಚುಕ್ಕೆ ರೋಗ: ಅಂಚು ಚೂರುಚೂರಾದ ಕಪ್ಪು ಮಚ್ಚೆ, ಸುತ್ತ ಹಳದಿ, ನಂತರ ಎಲೆ ಉದುರುವುದು. ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಈ ಫಂಗಸ್ ಬೀಜಾಣು ಮೊಳೆತು ಒಳಹೊಕ್ಕುತ್ತದೆ. ಸಂಜೆ ಎಲೆ ಮೇಲೆ ನೀರು ಹಾಕಬೇಡಿ ಎನ್ನುವುದು ಇದೇ ಕಾರಣಕ್ಕೆ.

ಟೊಮೆಟೊ ಎಲೆ ಅಂಗಮಾರಿ: ಕೆಳಗಿನ ಹಳೆಯ ಎಲೆಗಳಲ್ಲಿ ಉಂಗುರದೊಳಗೆ ಉಂಗುರವಿರುವ ಕಂದು ಮಚ್ಚೆ. ಮಣ್ಣಿನಿಂದ ಸಿಡಿಯುವ ನೀರಿನ ಜೊತೆ ಬೀಜಾಣು ಎಲೆಗೆ ತಲುಪುತ್ತದೆ. ಕುಂಡದ ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ, ಕೆಳಗಿನ ಎಲೆಗಳನ್ನು ತೆಗೆಯಿರಿ.

ಬೇರು ಕೊಳೆ, ಸಸಿ ಕೊಳೆ: ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ. ಇದನ್ನು ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಹಾಕಿದರೆ ಗಿಡ ಸಾಯುತ್ತದೆ. ಸಸಿಗಳು ಮಣ್ಣಿನ ಮಟ್ಟದಲ್ಲಿ ಮೆತ್ತಗಾಗಿ ಮಲಗುವುದೂ ಅತಿ ನೀರಿನಿಂದಲೇ. ಮಣ್ಣಿಗೆ ಟ್ರೈಕೋಡರ್ಮಾ ಪುಡಿಯನ್ನು ಕಾಂಪೋಸ್ಟ್ ಜೊತೆ ಬೆರೆಸುವುದು ಒಳ್ಳೆಯ ಮುನ್ನೆಚ್ಚರಿಕೆ. ಇದು ರೋಗ ತರುವ ಫಂಗಸ್‌ಗಳನ್ನು ಹತ್ತಿಕ್ಕುವ ಮತ್ತೊಂದು ಫಂಗಸ್.

ಒಂದು ಮಾತು ನೆನಪಿರಲಿ: ಫಂಗಸ್ ಔಷಧಿಗಳಲ್ಲಿ ಹೆಚ್ಚಿನವು ರೋಗ ತಡೆಯುತ್ತವೆ, ಆಗಿರುವ ಹಾನಿ ಸರಿಪಡಿಸುವುದಿಲ್ಲ. ಮಚ್ಚೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಔಷಧಿ ಕೆಲಸ ಮಾಡಿದೆಯೇ ಎಂದು ನೋಡಬೇಕಿರುವುದು ಹೊಸ ಚಿಗುರಿನಲ್ಲಿ.

ಮನೆಯಲ್ಲೇ ತಯಾರಿಸಬಹುದಾದ ಸ್ಪ್ರೇಗಳು

ಬೇವಿನ ಎಣ್ಣೆ: ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ಲಿಕ್ವಿಡ್ ಸೋಪು. ಸೋಪು ಹಾಕದಿದ್ದರೆ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಕಲಸಿದ ದಿನವೇ ಬಳಸಿ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಅದು ತಿನ್ನುವುದನ್ನು ಮತ್ತು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಹೀಗಾಗಿ ಮಾರನೇ ದಿನ ಹುಳು ಕಂಡಿತೆಂದು ಕೈಬಿಡಬೇಡಿ. ವಾರಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಿ.

ಬೇವು ಫಂಗಸ್ ಮೇಲೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಬೇವಿನ ಎಣ್ಣೆಯಿಂದ ಗಿಡಗಳ ಫಂಗಸ್ ನಿಯಂತ್ರಿಸುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಹಾಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿ ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಭಾರತದಲ್ಲಿ ಇದು ಮೊದಲಿನಿಂದಲೂ ಗೊತ್ತಿದ್ದ ಜ್ಞಾನ ಎಂಬ ವಾದದ ಬಳಿಕ ಯುರೋಪಿಯನ್ ಪೇಟೆಂಟ್ ಕಚೇರಿ 2000ರಲ್ಲಿ ಆ ಪೇಟೆಂಟ್ ರದ್ದುಪಡಿಸಿತು. ಮೇಲ್ಮನವಿಯೂ 2005ರಲ್ಲಿ ವಜಾ ಆಯಿತು.

ಸೋಪಿನ ನೀರು: ಲೀಟರ್‌ಗೆ 5 ಮಿಲಿ ಮೃದುವಾದ ಲಿಕ್ವಿಡ್ ಸೋಪು. ಇದು ಕೀಟದ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಎಲೆಯ ಅಡಿಭಾಗ ತೋಯಬೇಕು. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಬೇಡ, ಎಲೆ ಸುಡುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ತರಕಾರಿ ಕೀಟಗಳಿಗಾಗಿಯೇ ಬೇವಿನ ಸೋಪು ಮತ್ತು ಹೊಂಗೆ ಸೋಪನ್ನು ರೂಪಿಸಿದೆ. ಊರಿಗೆ ಹೋದಾಗ ತಂದಿಟ್ಟುಕೊಂಡರೆ ಉಪಯೋಗವಾಗುತ್ತದೆ.

ಹಾಲು: ಒಂದು ಭಾಗ ಹಾಲಿಗೆ ಒಂಬತ್ತು ಭಾಗ ನೀರು ಬೆರೆಸಿ ಬೂದಿ ರೋಗಕ್ಕೆ ವಾರಕ್ಕೊಮ್ಮೆ ಸಿಂಪಡಿಸಬಹುದು. ಇದು ಬರೀ ಅಜ್ಜಿ ಮದ್ದಲ್ಲ. ಬ್ರೆಜಿಲ್‌ನಲ್ಲಿ ಜುಕಿನಿ ಗಿಡಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಲು ಬೂದಿ ರೋಗವನ್ನು ಹತೋಟಿಗೆ ತಂದಿತ್ತು. ಬಿಸಿಲು ಬೀಳುವ ಬೆಳಗಿನ ಹೊತ್ತು ಹೊಡೆಯಿರಿ.

ಗಂಧಕದ ಪುಡಿ: ನೀರಿನಲ್ಲಿ ಕರಗುವಂತೆ ತಯಾರಿಸಿದ ಗಂಧಕ ಲೀಟರ್‌ಗೆ 2 ಗ್ರಾಂ. ಬೂದಿ ರೋಗ, ನುಸಿ ಎರಡಕ್ಕೂ ಆಗುತ್ತದೆ. ಆದರೆ ಸುಡು ಬಿಸಿಲಿನ ದಿನಗಳಲ್ಲಿ ಮತ್ತು ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಬಳಸಿದರೆ ಎಲೆ ಸುಟ್ಟುಹೋಗುತ್ತದೆ.

ಯಾವ ಸ್ಪ್ರೇ ಆದರೂ ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಮಟಮಟ ಮಧ್ಯಾಹ್ನ ಹೊಡೆಯಬೇಡಿ.

ಮಲೆನಾಡಿನ ‘ಮದ್ದು’ ಬಾಲ್ಕನಿಗೂ ಆಗುತ್ತದೆಯೇ?

ಅಡಿಕೆ ಬೆಳೆಯುವ ಊರಿನಿಂದ ಬಂದವರಿಗೆ ಮಳೆಗಾಲಕ್ಕೆ ಮುಂಚಿನ ‘ಔಷಧಿ ಹೊಡೆಯೋದು’ ಗೊತ್ತೇ ಇರುತ್ತದೆ. ಅದೇ ಬೋರ್ಡೋ ದ್ರಾವಣ. ಫ್ರಾನ್ಸ್‌ನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿದ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಇದನ್ನು ಔಷಧಿಯಾಗಿ ಜಗತ್ತಿಗೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಈ ದ್ರಾವಣದ ಬಳಕೆಯನ್ನು ನಮ್ಮ ತೋಟಗಳಲ್ಲಿ ಪ್ರಚಾರಕ್ಕೆ ತಂದರು.

ಗುಲಾಬಿಯಂತಹ ಹೂಗಿಡಗಳಿಗೆ ಮಳೆ ಶುರುವಾಗುವ ಮುನ್ನ ಶೇ 1ರ ದ್ರಾವಣ ಬಳಸಬಹುದು. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರ್‌ನಲ್ಲಿ 10 ಗ್ರಾಂ ಸುಣ್ಣ ಬೇರೆಬೇರೆಯಾಗಿ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಿ. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಿ. ತುಳಸಿ, ಕರಿಬೇವು, ಸೊಪ್ಪಿನಂತಹ ತಿನ್ನುವ ಎಲೆಗಳಿಗೆ ಇದನ್ನು ಬಳಸಬೇಡಿ.

ಎಲ್ಲ ಹುಳುವೂ ಶತ್ರುವಲ್ಲ

ಕರಿಬೇವು, ನಿಂಬೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ಕಂಡಿದೆಯೇ? ಅದು ನಿಂಬೆ ಚಿಟ್ಟೆಯ ಜಾತಿಯ ಮರಿ. ಎಲೆ ತಿನ್ನುತ್ತದೆ ನಿಜ, ಆದರೆ ದೊಡ್ಡ ಗಿಡವನ್ನು ಕೊಲ್ಲುವುದಿಲ್ಲ. ಸಣ್ಣ ಗಿಡವಾದರೆ ಕೈಯಿಂದ ತೆಗೆದು ಬೇರೆಡೆ ಬಿಡಿ.

ಮಿತ್ರ ಕೀಟಗಳ ಬಲ ಏನೆಂಬುದಕ್ಕೆ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಹಿಟ್ಟು ತಿಗಣೆ ಎಂಬ ವಿದೇಶಿ ಕೀಟ ಮೊದಲು ಪತ್ತೆಯಾಯಿತು. ಪರಂಗಿ, ಹಿಪ್ಪುನೇರಳೆ, ಮರಗೆಣಸಿನ ಬೆಳೆಗಳು ನೆಲಕಚ್ಚಿದವು. ಔಷಧಿ ಹೊಡೆದರೂ ಹತೋಟಿಗೆ ಬರಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ (ಈಗಿನ ಎನ್‌ಬಿಎಐಆರ್) ಪೋರ್ಟೊ ರಿಕೊದಿಂದ ಸಣ್ಣ ಪರತಂತ್ರ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ಅವು ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುತ್ತವೆ. ಆ ಪಿಡುಗು ಹತೋಟಿಗೆ ಬಂದದ್ದು ಈ ಕಣಜದಿಂದ. ಕಂಡಕಂಡದ್ದಕ್ಕೆಲ್ಲ ಔಷಧಿ ಹೊಡೆದರೆ ಮೊದಲು ಸಾಯುವುದು ಇಂತಹ ಮಿತ್ರರೇ. ಬಾಲ್ಕನಿಯಲ್ಲಿ ಗುಲಗಂಜಿ ಹುಳು, ಜೇಡ ಕಂಡರೆ ಅವುಗಳ ಪಾಡಿಗೆ ಬಿಟ್ಟುಬಿಡಿ.

ನಿಮ್ಮ ಊರಿನಲ್ಲಿ ಯಾವಾಗ ಎಚ್ಚರ ವಹಿಸಬೇಕು?

* ಮುಂಬೈ, ಪುಣೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಂಗಸ್ ಕಾಲ. ಕುಂಡದ ಕೆಳಗಿನ ತಟ್ಟೆ ತೆಗೆದಿಡಿ, ಕುಂಡಗಳ ನಡುವೆ ಒಂದು ಗೇಣು ಅಂತರ ಬಿಡಿ.
* ಚೆನ್ನೈ: ಹಿಂಗಾರು ಮಳೆ ಬೀಳುವ ಅಕ್ಟೋಬರ್‌ನಿಂದ ಡಿಸೆಂಬರ್ ಮುಖ್ಯ. ಸೆಪ್ಟೆಂಬರ್‌ನಲ್ಲೇ ಒಣ ಕೊಂಬೆ ಸವರಿ, ಕುಂಡದ ತೂತು ಕಟ್ಟಿಕೊಂಡಿದೆಯೇ ನೋಡಿ.
* ಹೈದರಾಬಾದ್: ಮಾರ್ಚ್‌ನಿಂದ ಮೇವರೆಗಿನ ಒಣ ಸೆಕೆಯಲ್ಲಿ ನುಸಿ, ಹಿಟ್ಟು ತಿಗಣೆ ಹೆಚ್ಚು. ವಾರಕ್ಕೊಮ್ಮೆ ಬೆಳಗ್ಗೆ ಎಲೆಗಳನ್ನು ತೊಳೆಯಿರಿ.
* ದೆಹಲಿ: ಫೆಬ್ರವರಿ, ಮಾರ್ಚ್‌ನಲ್ಲಿ ಗಿಡ ಹೇನು, ಬೂದಿ ರೋಗ, ಬೇಸಿಗೆಯಲ್ಲಿ ನುಸಿ. ಡಿಸೆಂಬರ್, ಜನವರಿಯಲ್ಲಿ ತುಳಸಿ ಎಲೆ ಉದುರಿ ಒಣಗಿದರೆ ಅದು ರೋಗವಾಗಿರಬೇಕಿಲ್ಲ, ಚಳಿಯ ಹೊಡೆತ ಇರಬಹುದು. ಔಷಧಿ ಬೇಡ, ರಾತ್ರಿ ಮನೆಯೊಳಗೆ ಇಡಿ.

ಅಂಗಡಿಯಿಂದ ಔಷಧಿ ತರುವುದಾದರೆ

ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತ್ಯಂತ ವಿಷಕಾರಿ, ನಂತರ ಹಳದಿ, ಆಮೇಲೆ ನೀಲಿ. ಹಸಿರು ಎಂದರೆ ಇವುಗಳಲ್ಲಿ ಕಡಿಮೆ ವಿಷಕಾರಿ. ಕೆಂಪು, ಹಳದಿ ತ್ರಿಕೋನದ ಡಬ್ಬಿ ಮನೆಯ ಬಾಲ್ಕನಿಗೆ ಬರಲೇಬಾರದು.

ಲೇಬಲ್ ಇಲ್ಲದ ಬಾಟಲಿಗೆ ಬಿಡಿಯಾಗಿ ಸುರಿದು ಕೊಡುವ ಔಷಧಿ ಖಂಡಿತ ಬೇಡ. ಅದರೊಳಗೆ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗಳಿಗೆ ಬಳಸುವುದು 2005ರಿಂದಲೇ ನಿಷಿದ್ಧ. ಒಂದು ಕಾಲದಲ್ಲಿ ಮನೆಗಳಲ್ಲೂ ಸಾಮಾನ್ಯವಾಗಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ನಿಷೇಧಗೊಂಡಿದೆ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕಾಸರಗೋಡು, ದಕ್ಷಿಣ ಕನ್ನಡದ ಹಳ್ಳಿಗಳಿಗೆ ತಂದ ಸಂಕಟ ಕನ್ನಡಿಗರಿಗೆ ಹೊಸತಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಅಲ್ಲಿ ದಶಕಗಳೇ ಕಳೆದಿದ್ದವು.

ಇಷ್ಟನ್ನು ತಪ್ಪದೇ ಪಾಲಿಸಿ:

* ಕೊಯ್ಲಿಗೆ ಮುನ್ನ ಎಷ್ಟು ದಿನ ಕಾಯಬೇಕೆಂದು ಲೇಬಲ್‌ನಲ್ಲಿ ಬರೆದಿರುತ್ತದೆ. ಅಲ್ಲಿಯವರೆಗೆ ಎಲೆ, ಕಾಯಿ ಕೀಳಬೇಡಿ.
* ತಿನ್ನುವ ಗಿಡ, ಹೂವಿನ ಗಿಡ ಬೇರೆಬೇರೆ ಕಡೆ ಇಡಿ. ಗುಲಾಬಿಗೆ ಹೊಡೆದದ್ದು ಗಾಳಿಗೆ ತುಳಸಿ ಮೇಲೆ ಬೀಳುತ್ತದೆ.
* ಮಾಸ್ಕ್, ಗ್ಲೌಸ್ ಧರಿಸಿ. ಮಕ್ಕಳು, ಸಾಕುಪ್ರಾಣಿಗಳು ದೂರವಿರಲಿ. ಕೆಳಗಿನ ಮನೆಯವರ ಬಟ್ಟೆ ಒಣಹಾಕಿದ್ದರೆ ಕಾಯಿರಿ.
* ಔಷಧಿಯನ್ನು ಎಂದಿಗೂ ಕುಡಿಯುವ ನೀರಿನ ಅಥವಾ ಜ್ಯೂಸ್ ಬಾಟಲಿಯಲ್ಲಿ ಇಡಬೇಡಿ.
* ಯಾರಾದರೂ ತಪ್ಪಿ ಕುಡಿದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಗಿಡ ಉಳಿಯದು ಎನಿಸಿದಾಗ

ವೈರಸ್‌ನಿಂದ ಮುದುಡಿದ ಟೊಮೆಟೊ, ಬೇರು ಪೂರ್ತಿ ಕೊಳೆತ ಗಿಡ, ಕಾಂಡದ ಉದ್ದಕ್ಕೂ ಹಿಟ್ಟು ತಿಗಣೆ ಮೆತ್ತಿಕೊಂಡ ಹಳೆಯ ದಾಸವಾಳವನ್ನು ಉಳಿಸಲು ಹೋದರೆ ಪಕ್ಕದ ಗಿಡಗಳಿಗೂ ಹರಡುತ್ತದೆ. ಅಂತಹ ಗಿಡವನ್ನು ಕಿತ್ತು, ಕುಂಡವನ್ನು ಸೋಪು ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ. ರೋಗ ಬಂದ ಗಿಡದ ಎಲೆ, ಮಣ್ಣನ್ನು ಮನೆಯ ಕಾಂಪೋಸ್ಟ್‌ಗೆ ಹಾಕಬೇಡಿ. ನರ್ಸರಿಯಿಂದ ತಂದ ಹೊಸ ಗಿಡವನ್ನು ಎರಡು ವಾರ ಬೇರೆ ಇಟ್ಟು ನೋಡಿ, ನಂತರ ಉಳಿದವುಗಳ ಜೊತೆ ಸೇರಿಸಿ.

ನಿತ್ಯ ನೀರು ಹಾಕುವಾಗ ನಾಲ್ಕು ಎಲೆಗಳನ್ನು ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಂದೆರಡು ಹುಳು ಇರುವಾಗಲೇ ಕಂಡರೆ ಬೆರಳು, ನೀರು, ಕತ್ತರಿ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಒಗ್ಗರಣೆಗೆ ಕರಿಬೇವು ಕೀಳುವಾಗ ಯಾವ ಅಳುಕೂ ಇರುವುದಿಲ್ಲ.